‘ಪುಟ್ ಅಪ್’ ಅರ್ಥವಾಗಬೇಕಾದರೆ ಪಕ್ಕದ ಪದ ನೋಡಿ

ಊರಿಂದ ಮುಂಬೈಗೆ ಕೆಲಸಕ್ಕೆ ಬಂದವರ ಕಿವಿಗೆ ಬೇಗನೆ ಬೀಳುವ ಇಂಗ್ಲಿಷ್ ಮಾತುಗಳಲ್ಲಿ ‘ಪುಟ್ ಅಪ್’ ಒಂದು. ಇಂಟರ್‌ವ್ಯೂನಲ್ಲಿ ‘ವೇರ್ ಆರ್ ಯು ಪುಟ್ ಅಪ್?’ ಅಂತ ಕೇಳುತ್ತಾರೆ. ಆಫೀಸಿನಲ್ಲಿ ಸಾಹೇಬರು ‘ಪುಟ್ ಅಪ್ ದ ಫೈಲ್’ ಅನ್ನುತ್ತಾರೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸೆಕ್ರೆಟರಿ ‘ದ ನೋಟಿಸ್ ಹ್ಯಾಸ್ ಬೀನ್ ಪುಟ್ ಅಪ್’ ಅಂತ ಬರೆಯುತ್ತಾರೆ. ರಾತ್ರಿ ರೂಮಿಗೆ ಬಂದರೆ ಜೊತೆಗಾರ ‘ಐ ಕಾಂಟ್ ಪುಟ್ ಅಪ್ ವಿತ್ ದಿಸ್’ ಅಂತ ರೇಗುತ್ತಾನೆ. ಮೊದಲನೆಯವರು ಕೇಳಿದ್ದು ಎಲ್ಲಿ ಉಳಿದುಕೊಂಡಿದ್ದೀರಿ ಅಂತ. ಎರಡನೆಯವರು ಫೈಲನ್ನು ನನ್ನ ಮುಂದಿಡಿ ಅಂದರು. ಮೂರನೆಯವರು ನೋಟಿಸ್ ಹಾಕಿದ್ದೇವೆ ಅಂದರು. ಕೊನೆಯವನು ಹೇಳಿದ್ದು ಇದನ್ನು ಸಹಿಸೋಕೆ ಆಗಲ್ಲ ಅಂತ.

ಸಂಜೆ ಹೊತ್ತು ನಾನು ನಮ್ಮವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ಪುಟ್ ಅಂದ್ರೆ ಇಡು. ಅಪ್ ಅಂದ್ರೆ ಮೇಲೆ. ಎರಡೂ ಗೊತ್ತು. ಸೇರಿದಾಗ ಮಾತ್ರ ಯಾಕೆ ಗೊತ್ತಾಗಲ್ಲ?’ ಒಳ್ಳೆಯ ಪ್ರಶ್ನೆ. ನಿಘಂಟು ತೆರೆದರೆ ಅರ್ಥಗಳ ಉದ್ದ ಪಟ್ಟಿ ಸಿಗುತ್ತದೆ. ಅದನ್ನು ಬಾಯಿಪಾಠ ಮಾಡುವುದರಲ್ಲಿ ನನಗೆ ನಂಬಿಕೆ ಇಲ್ಲ. ಪಟ್ಟಿ ಪರೀಕ್ಷೆವರೆಗೂ ನೆನಪಿರುತ್ತದೆ, ಮಾತಾಡುವಾಗ ಕೈ ಕೊಡುತ್ತದೆ. ಅದರ ಬದಲು ಒಂದು ಅಭ್ಯಾಸ ಮಾಡಿಕೊಳ್ಳಿ. ಯಾರು, ಏನನ್ನು ‘ಪುಟ್ ಅಪ್’ ಮಾಡಿದರು ಅಂತ ನೋಡಿ. ಆ ‘ಏನನ್ನು’ ಅನ್ನುವ ಪದದಲ್ಲೇ ಮುಕ್ಕಾಲು ಅರ್ಥ ಇರುತ್ತದೆ.

ಇಂಥ ಜೋಡಿ ಕ್ರಿಯಾಪದಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಫ್ರೇಸಲ್ ವರ್ಬ್’ ಅನ್ನುತ್ತಾರೆ. ಈ ಹೆಸರು ಅಚ್ಚಿನಲ್ಲಿ ಬಳಕೆಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಿಂದ. ಹೆಸರು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ ಅಂತ ಸ್ಮಿತ್ ಅವರೇ ಹೇಳಿದ್ದಾರೆ. ಆದರೆ ತೊಂದರೆ ಅದಕ್ಕಿಂತ ಬಹಳ ಹಳೆಯದು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ನಿಘಂಟಿನ ಮುನ್ನುಡಿಯಲ್ಲೇ ಈ ವಿಷಯ ಎತ್ತಿದ್ದರು. ಕ್ರಿಯಾಪದ ಆದಮೇಲೆ ಒಂದು ಚಿಕ್ಕ ಪದ ಸೇರಿಸಿ ಅರ್ಥವನ್ನೇ ಬದಲಿಸುವ ಪದ್ಧತಿ ಇಂಗ್ಲಿಷಿನಲ್ಲಿ ತುಂಬಾ ಜಾಸ್ತಿ, ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟ ಆಗೋದು ಇದೇ ಅಂತ ಅವರು ಬರೆದರು. ಹಾಗಾಗಿ ಕಷ್ಟ ಅನಿಸಿದರೆ ಅದು ನಿಮ್ಮೊಬ್ಬರ ದಡ್ಡತನ ಅಲ್ಲ.

ಇನ್ನೊಂದು ಸಮಾಧಾನದ ವಿಷಯ, ಕನ್ನಡದವರಿಗೆ ಈ ವಿದ್ಯೆ ಹೊಸದಲ್ಲ. ‘ಎತ್ತು’ ಅನ್ನುವುದನ್ನೇ ತಗೊಳ್ಳಿ. ಧ್ವಜ ಎತ್ತಿ ಹಿಡಿಯುತ್ತೇವೆ, ನ್ಯಾಯಾಲಯ ತೀರ್ಪನ್ನೂ ಎತ್ತಿ ಹಿಡಿಯುತ್ತದೆ. ಅಣ್ಣನ ಮೇಲೆ ತಮ್ಮನನ್ನು ಎತ್ತಿಕಟ್ಟುತ್ತಾರೆ. ಹಳೇ ಮಾತನ್ನು ಎತ್ತಿ ಆಡುತ್ತಾರೆ. ಮಗನಿಗೆ ಅಂತ ಎರಡು ದೋಸೆ ಎತ್ತಿಡುತ್ತಾರೆ. ಎತ್ತಿಡುವಾಗ ಏನನ್ನಾದರೂ ಮೇಲಕ್ಕೆ ಎತ್ತುತ್ತೇವಾ? ಇಲ್ಲ, ತೆಗೆದು ಜೋಪಾನವಾಗಿ ಇಡುತ್ತೇವೆ ಅಷ್ಟೇ. ಈ ‘ಎತ್ತಿಡು’ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಸುಲಭದ್ದು. ಕಣ್ಣಿಗೆ ಕಾಣುವ ವಸ್ತುವನ್ನು ಎತ್ತರಕ್ಕೆ ಏರಿಸುವುದು, ನಿಲ್ಲಿಸುವುದು, ತೂಗು ಹಾಕುವುದು. ಇಲ್ಲಿ ‘ಅಪ್’ ನಿಜವಾಗಿಯೂ ಮೇಲೆ. ನೋಟಿಸ್ ಬೋರ್ಡ್‌ಗೆ ನೋಟಿಸ್, ಗೋಡೆಗೆ ಫೋಟೋ, ಕಿಟಕಿಗೆ ಪರದೆ, ಕ್ಲಾಸಿನಲ್ಲಿ ಕೈ. ಗಣೇಶ ಚೌತಿ ಬಂತೆಂದರೆ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಸೇವಾ ಮಂಡಲದ್ದು ಇರಲಿ, ನಿಮ್ಮ ಗಲ್ಲಿಯ ಪುಟ್ಟ ಮಂಡಳದ್ದು ಇರಲಿ, ಪೆಂಡಾಲ್ ಹಾಕುತ್ತಾರಲ್ಲ, ಅದೂ ‘ಪುಟ್ ಅಪ್ ಅ ಪೆಂಡಾಲ್’. ಸಾಲು ಖೋಲಿಗಳ ಹಳೇ ಚಾಳ್ ಕೆಡವಿ ಅದೇ ಜಾಗದಲ್ಲಿ ಟವರ್ ಕಟ್ಟಿದರೆ ‘ದೇ ಪುಟ್ ಅಪ್ ಅ ಟವರ್’. ಮಳೆಗಾಲದಲ್ಲಿ ಛತ್ರಿ ಬಿಚ್ಚುವುದಕ್ಕೂ ಬ್ರಿಟಿಷರು ‘ಪುಟ್ ಅಪ್ ಯುವರ್ ಅಂಬ್ರೆಲಾ’ ಅನ್ನುತ್ತಾರೆ.

ವ್ಯಾಕರಣದ ಮುಖ್ಯ ನಿಯಮವನ್ನೂ ಇಲ್ಲೇ ನೋಡಿಬಿಡೋಣ. ‘ಪುಟ್ ಅಪ್ ದ ನೋಟಿಸ್’ ಸರಿ, ‘ಪುಟ್ ದ ನೋಟಿಸ್ ಅಪ್’ ಕೂಡ ಸರಿ. ಆದರೆ ನೋಟಿಸ್ ಅನ್ನುವ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಅಪ್’. ‘ಪುಟ್ ಅಪ್ ಇಟ್’ ಅನ್ನುವ ಹಾಗಿಲ್ಲ. ‘ಹಿಮ್’, ‘ದೆಮ್’, ‘ಮಿ’ಗೂ ಇದೇ ನಿಯಮ. ಇನ್ನು, ‘ಪುಟ್’ ಭೂತಕಾಲದಲ್ಲಿ ಬದಲಾಗುವುದಿಲ್ಲ. ನಿನ್ನೆ ಹಾಕಿದರೂ ‘ಐ ಪುಟ್ ಇಟ್ ಅಪ್ ಯೆಸ್ಟರ್ಡೇ’. ‘ಪುಟ್ಟೆಡ್’ ಅಂತ ಬರೆದದ್ದನ್ನು ಎಷ್ಟೋ ಅರ್ಜಿಗಳಲ್ಲಿ ನೋಡಿದ್ದೇನೆ. ಅಷ್ಟು ಚೆನ್ನಾಗಿ ಬರೆದ ಅರ್ಜಿಯ ಮೇಲೆ ಈ ಒಂದು ಪದ ಕೆಟ್ಟ ಅಭಿಪ್ರಾಯ ಮೂಡಿಸುತ್ತದೆ, ದಯವಿಟ್ಟು ಗಮನಿಸಿ.

ಮೇಲೆ ಅನ್ನುವ ಅರ್ಥವನ್ನೇ ನಂಬಿಕೊಂಡರೆ ಒಂದು ಕಡೆ ಪೂರ್ತಿ ಮೋಸ ಹೋಗುತ್ತೀರಿ. ಮುಂಬೈಯಲ್ಲಿ ಬೆಳಿಗ್ಗೆ ಅಂಗಡಿಯವರು ಶಟರ್ ಮೇಲೆತ್ತಿದರೆ ಅಂಗಡಿ ತೆರೆಯಿತು ಅಂತ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ದೇ ಪುಟ್ ಅಪ್ ದ ಶಟರ್ಸ್’ ಅಂದರೆ ಅಂಗಡಿ ಮುಚ್ಚಿದರು ಅಂತ! ಆ ದಿನಕ್ಕೆ ಮುಚ್ಚಿದ್ದೂ ಆಗಬಹುದು, ವ್ಯಾಪಾರವನ್ನೇ ನಿಲ್ಲಿಸಿದ್ದೂ ಆಗಬಹುದು. ಕಾರಣ ಸರಳ. ಆ ಮಾತು ಹುಟ್ಟಿದ ಕಾಲದಲ್ಲಿ ಸುರುಳಿ ಸುತ್ತುವ ಕಬ್ಬಿಣದ ಶಟರ್ ಇರಲಿಲ್ಲ. ರಾತ್ರಿ ಮರದ ಹಲಗೆಗಳನ್ನು ಎತ್ತಿ ಕಿಟಕಿಗೆ ಅಡ್ಡ ನಿಲ್ಲಿಸುತ್ತಿದ್ದರು. ನಮ್ಮ ಊರಿನ ಹಳೇ ದಿನಸಿ ಅಂಗಡಿಗಳ ಹಲಗೆ ಬಾಗಿಲು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಹಲಗೆ ಹಾಕಿದರು ಅಂದರೆ ಅಂಗಡಿ ಮುಚ್ಚಿದರು ಅಂತಲೇ ಅಲ್ವಾ?

ಬೆಲೆ, ಬಾಡಿಗೆ, ಫೀಸು ಪಕ್ಕದಲ್ಲಿ ಬಂದರೆ ‘ಪುಟ್ ಅಪ್’ ಅಂದರೆ ಏರಿಸು. ‘ದ ಲ್ಯಾಂಡ್‌ಲಾರ್ಡ್ ಹ್ಯಾಸ್ ಪುಟ್ ಅಪ್ ದ ರೆಂಟ್.’ ಹನ್ನೊಂದು ತಿಂಗಳ ಅಗ್ರಿಮೆಂಟ್ ಮೇಲೆ ಬದುಕುವ ಈ ಊರಿನವರಿಗೆ ಬೇರೆ ಉದಾಹರಣೆ ಬೇಕಿಲ್ಲ. ಇಲ್ಲಿ ಆಗುವ ತಪ್ಪು ಇದು: ಬಾಡಿಗೆ ಜಾಸ್ತಿಯಾಯಿತು ಅನ್ನೋಕೆ ‘ದ ರೆಂಟ್ ಪುಟ್ ಅಪ್’ ಅನ್ನುತ್ತಾರೆ. ಕನ್ನಡದ ‘ಏರು’ ಮತ್ತು ‘ಏರಿಸು’ ಇಟ್ಟುಕೊಂಡು ಯೋಚಿಸಿ. ಬಾಡಿಗೆ ತಾನೇ ಏರಿದರೆ ‘ವೆಂಟ್ ಅಪ್’. ಯಾರೋ ಏರಿಸಿದರೆ ‘ಪುಟ್ ಅಪ್’. ಏರಿಸಿದವರು ವಾಕ್ಯದಲ್ಲಿ ಇರಬೇಕು, ಇಲ್ಲವೇ ‘ಹ್ಯಾಸ್ ಬೀನ್ ಪುಟ್ ಅಪ್’ ಅನ್ನಬೇಕು. ಅಮೆರಿಕದವರು ಬೆಲೆಯ ವಿಷಯಕ್ಕೆ ‘ಪುಟ್ ಅಪ್’ ಬಳಸುವುದು ಕಮ್ಮಿ, ‘ರೇಸ್ಡ್’ ಅನ್ನುತ್ತಾರೆ.

ವಾಂಖೆಡೆಯಲ್ಲಿ ತಂಡವೊಂದು ದೊಡ್ಡ ಮೊತ್ತ ಪೇರಿಸಿದರೆ ಕಾಮೆಂಟರಿಯವರು ‘ದೇ ಹ್ಯಾವ್ ಪುಟ್ ಅಪ್ ಅ ಬಿಗ್ ಟೋಟಲ್’ ಅನ್ನುತ್ತಾರೆ. ಸೋತರೂ ಸುಲಭಕ್ಕೆ ಬಗ್ಗದ ತಂಡಕ್ಕೆ ‘ದೇ ಪುಟ್ ಅಪ್ ಅ ಗುಡ್ ಫೈಟ್’. ಪಕ್ಕದಲ್ಲಿ ಫೈಟ್, ಸ್ಟ್ರಗಲ್, ರೆಸಿಸ್ಟೆನ್ಸ್ ಇದ್ದರೆ ಜಗ್ಗದೆ ಎದುರು ನಿಂತರು ಅಂತ ಅರ್ಥ.

ಆದರೆ ನಾಟಕ ಬಂದರೆ ಹುಷಾರು. ಮಾಟುಂಗದ ಮೈಸೂರು ಅಸೋಸಿಯೇಷನ್‌ನಂಥ ಕಡೆ ಕನ್ನಡ ನಾಟಕ ಹಾಕುವವರು, ಉಪನಗರಗಳಲ್ಲಿ ಯಕ್ಷಗಾನ ಆಡಿಸುವವರು ಆಮಂತ್ರಣದ ಇಂಗ್ಲಿಷ್ ಪ್ರತಿಯಲ್ಲಿ ‘ವಿ ಆರ್ ಪುಟಿಂಗ್ ಅಪ್ ಅ ಪ್ಲೇ’ ಅಂತ ಬರೆಯುವುದು ಉಂಟು. ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹೊರಗೆ ನಾಟಕ ಹಾಕುವುದಕ್ಕೆ ‘ಪುಟ್ ಆನ್ ಅ ಪ್ಲೇ’ ಅನ್ನಬೇಕು. ರಂಗದ ಮೇಲೆ ಸೆಟ್ ಕಟ್ಟಿದರೆ ಅದು ‘ಪುಟ್ ಅಪ್’, ಅದರ ಮೇಲೆ ಆಡುವ ನಾಟಕ ‘ಪುಟ್ ಆನ್’.

ಈಗ ಮುಂಬೈಗೆ ಬಂದವರಿಗೆ ತೀರಾ ಹತ್ತಿರದ ಅರ್ಥಕ್ಕೆ ಬರೋಣ. ಪಕ್ಕದ ಪದ ಮನುಷ್ಯನದ್ದಾದರೆ ‘ಪುಟ್ ಅಪ್’ ಅಂದರೆ ಸ್ವಲ್ಪ ದಿನಕ್ಕೆ ಉಳಿಯಲು ಜಾಗ ಕೊಡುವುದು. ಈ ಊರಿನ ಕನ್ನಡಿಗರ ಕತೆಯ ಅರ್ಧ ಭಾಗ ಇದೇ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಅದೇ ಹೋಟೆಲಿನಲ್ಲಿ ಮಲಗಿ ಮೇಲೆ ಬಂದವರು. ಉಳಿದವರಿಗೆ ಅಣ್ಣನದೋ ಮಾವನದೋ ಚಾಳಿನ ಒಂದು ಖೋಲಿ. ಅದನ್ನು ಇಂಗ್ಲಿಷಿನಲ್ಲಿ ಹೇಳುವುದಾದರೆ ‘ಮೈ ಅಂಕಲ್ ಪುಟ್ ಮಿ ಅಪ್’, ಮಾವ ನನ್ನನ್ನು ಮನೆಯಲ್ಲಿ ಇಟ್ಟುಕೊಂಡರು. ‘ದ ಓನರ್ ಪುಟ್ ದೆಮ್ ಅಪ್ ಇನ್ ದ ಹೋಟೆಲ್’, ಧಣಿ ಹೋಟೆಲಿನಲ್ಲೇ ಜಾಗ ಕೊಟ್ಟರು. ಕಂಪನಿ ತನ್ನ ಖರ್ಚಿನಲ್ಲಿ ಲಾಡ್ಜ್ ಮಾಡಿಕೊಟ್ಟರೆ ‘ದ ಕಂಪನಿ ಪುಟ್ ಅಸ್ ಅಪ್’. ಜಾಗ ಕೊಟ್ಟವರು ಕರ್ತೃ, ಉಳಿದವರು ನಡುವೆ ಕೂರುವ ‘ಮಿ’, ‘ಅಸ್’, ‘ದೆಮ್’.

ಹಾಗಾದರೆ ‘ವೇರ್ ಆರ್ ಯು ಪುಟ್ ಅಪ್?’ ಎಲ್ಲಿಂದ ಬಂತು? ಹಿಂದೆ ಇಂಗ್ಲೆಂಡಿನಲ್ಲಿ ಪ್ರಯಾಣಿಕರು ಛತ್ರದಂಥ ವಸತಿಗಳಲ್ಲಿ ‘ಪುಟ್ ಅಪ್’ ಆಗುತ್ತಿದ್ದರು. ‘ವಿ ಪುಟ್ ಅಪ್ ಅಟ್ ಆನ್ ಇನ್’ ಅಂತ ಹಳೆಯ ಬರಹಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅಲ್ಲಿ ಉಳಿದುಕೊಂಡವರೇ ಕರ್ತೃ. ಆ ಬಳಕೆ ಅಲ್ಲಿ ಹಳತಾಯಿತು. ನಮ್ಮಲ್ಲಿ ಮಾತ್ರ ‘ಎಲ್ಲಿ ಇದ್ದೀರಿ?’ ಅನ್ನುವ ಮಾಮೂಲಿ ಪ್ರಶ್ನೆಯ ರೂಪದಲ್ಲಿ ಗಟ್ಟಿಯಾಗಿ ಉಳಿಯಿತು. ಇದನ್ನು ತಪ್ಪು ಅನ್ನೋಕೆ ನಾನು ತಯಾರಿಲ್ಲ. ಇಷ್ಟು ಜನ ಇಷ್ಟು ಕಾಲದಿಂದ ಆಡುವ ಮಾತು ಭಾರತದ ಇಂಗ್ಲಿಷಿನ ಸ್ವಂತ ಸೊತ್ತು.

ಆದರೂ ಒಂದು ವ್ಯತ್ಯಾಸ ತಿಳಿದಿರಬೇಕು. ಇಂಗ್ಲಿಷಿನ ಈ ‘ಪುಟ್ ಅಪ್’ ತಾತ್ಕಾಲಿಕ. ಬೊರಿವಿಲಿಯಲ್ಲಿ ಸ್ವಂತ ಮನೆ ಮಾಡಿ, ಮಕ್ಕಳ ಮದುವೆಯನ್ನೂ ಮಾಡಿ ಮುಗಿಸಿದವರು ‘ಐ ಆಮ್ ಪುಟ್ ಅಪ್ ಇನ್ ಬೊರಿವಿಲಿ’ ಅಂದರೆ ಲಂಡನ್ನಿನವರು ‘ಪಾಪ, ಮನೆ ಸಿಕ್ಕಿಲ್ಲ’ ಅಂದುಕೊಳ್ಳುತ್ತಾರೆ. ಸ್ವಂತ ಮನೆಗೆ ‘ಐ ಲಿವ್ ಇನ್ ಬೊರಿವಿಲಿ’. ಪೇಯಿಂಗ್ ಗೆಸ್ಟ್ ಆಗಿದ್ದರೆ, ನೆಂಟರ ಮನೆಯಲ್ಲಿದ್ದರೆ ‘ಐ ಆಮ್ ಸ್ಟೇಯಿಂಗ್ ವಿತ್ ಮೈ ಅಂಕಲ್ ಇನ್ ಡೊಂಬಿವಿಲಿ’. ಇಂಟರ್‌ವ್ಯೂನಲ್ಲಿ ಯಾರಾದರೂ ‘ಪುಟ್ ಅಪ್’ ಅಂತ ಕೇಳಿದರೆ ಉತ್ತರದಲ್ಲಿ ನೀವೂ ಅದನ್ನೇ ಹೇಳಬೇಕು ಅಂತೇನಿಲ್ಲ. ಹೀಗೆ ಹೇಳಿದರೆ ಸಾಕು, ಎಲ್ಲಿಯವರು ಕೇಳಿದರೂ ಸರಿಯಾಗಿ ಅರ್ಥವಾಗುತ್ತದೆ.

ಸರ್ಕಾರಿ ಕಚೇರಿಯ ‘ಪುಟ್ ಅಪ್’ ಕೂಡ ನಮ್ಮ ದೇಶದ್ದೇ. ಗುಮಾಸ್ತರು ಟಿಪ್ಪಣಿ ಬರೆದು ಫೈಲನ್ನು ಮೇಲಧಿಕಾರಿಯ ಮುಂದೆ ಇಡುವುದು ‘ಪುಟ್ ಅಪ್’. ‘ಪುಟ್ ಅಪ್ ಫಾರ್ ಅಪ್ರೂವಲ್’ ಅಂದರೆ ಮಂಜೂರಾತಿಗೆ ಮಂಡಿಸಲಾಗಿದೆ. ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ ಕೆಲಸ ಮಾಡುವ ನಮ್ಮವರು ಕನ್ನಡದಲ್ಲೇ ಮಾತಾಡುವಾಗಲೂ ‘ನಾಳೆ ಪುಟ್ ಅಪ್ ಮಾಡ್ತೀನಿ’ ಅನ್ನುತ್ತಾರೆ. ಕಚೇರಿಯೊಳಗೆ ಇದಕ್ಕಿಂತ ಚುಟುಕಾದ ಮಾತು ಬೇರೆ ಇಲ್ಲ. ವಿದೇಶದ ಗಿರಾಕಿಗೆ ಇಮೇಲ್ ಬರೆಯುವಾಗ ಮಾತ್ರ ‘ಸಬ್ಮಿಟ್’ ಹಾಕಿ.

ಮುಂದಿಡುವ ಈ ಅರ್ಥ ಬೇರೆ ಕಡೆಯೂ ಇದೆ. ಫ್ಲ್ಯಾಟ್ ಮಾರಾಟಕ್ಕೆ ಇಟ್ಟರೆ ‘ಪುಟ್ ಅಪ್ ಫಾರ್ ಸೇಲ್’. ಚುನಾವಣೆಗೆ ಅಭ್ಯರ್ಥಿಯನ್ನು ನಿಲ್ಲಿಸಿದರೆ ‘ಪುಟ್ ಅಪ್ ಅ ಕ್ಯಾಂಡಿಡೇಟ್’. ವ್ಯಾಪಾರಕ್ಕೆ ಬಂಡವಾಳ ಹಾಕಿದರೆ ‘ಪುಟ್ ಅಪ್ ದ ಮನಿ’.

‘ಪುಟ್ ಅಪ್’ ಆದಮೇಲೆ ‘ಟು’ ಬಂದರೆ ಕತೆ ಬೇರೆ. ‘ಹೂ ಪುಟ್ ಯು ಅಪ್ ಟು ದಿಸ್?’ ಅಂದರೆ ನಿನಗೆ ಈ ಕೆಲಸಕ್ಕೆ ಕುಮ್ಮಕ್ಕು ಕೊಟ್ಟಿದ್ದು ಯಾರು? ಸೊಸೈಟಿಯ ಮಹಾಸಭೆಯಲ್ಲಿ ಎಂದೂ ಬಾಯಿ ಬಿಡದವರು ಒಮ್ಮೆಲೇ ಎದ್ದು ಲೆಕ್ಕ ಕೇಳಿದರೆ, ಹಿಂದಿನ ಸಾಲಿನಲ್ಲಿ ಯಾರೋ ‘ಸಮ್‌ಬಡಿ ಪುಟ್ ಹಿಮ್ ಅಪ್ ಟು ಇಟ್’ ಅಂತ ಪಿಸುಗುಡುತ್ತಾರೆ. ನಮ್ಮ ‘ಎತ್ತಿಕಟ್ಟು’ ನೆನಪಾಯಿತಾ? ಅಲ್ಲೂ ಎತ್ತುವುದು, ಇಲ್ಲೂ ‘ಅಪ್’. ಇದರ ಹತ್ತಿರದ ಇನ್ನೊಂದು ರೂಪ ‘ಪುಟ್-ಅಪ್ ಜಾಬ್’. ಒಳಗಿನವರೇ ಸೇರಿ ಮೊದಲೇ ಹೂಡಿದ ಸಂಚು ಅಂತ ಅರ್ಥ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಮನೆಯ ಆಳುಗಳ ಕೈವಾಡ ಇರುವ ಕಳ್ಳತನಕ್ಕೆ ಪೊಲೀಸರೂ ಕಳ್ಳರೂ ಆಡುತ್ತಿದ್ದ ಮಾತು ಅದು.

ಇನ್ನು ಉಳಿದದ್ದು ‘ಪುಟ್ ಅಪ್ ವಿತ್’. ಕಲಿಯುವವರಿಗೆ ಇದರಷ್ಟು ವಿಚಿತ್ರ ಅನಿಸುವುದು ಬೇರೆ ಇಲ್ಲ. ಇಡು, ಮೇಲೆ, ಜೊತೆ: ಈ ಮೂರು ಸೇರಿ ‘ಸಹಿಸಿಕೊ’ ಹೇಗಾಯಿತು? ಇಲ್ಲಿ ಹಳೆಯ ಅರ್ಥವೊಂದು ನೆರವಿಗೆ ಬರುತ್ತದೆ. ಹಿಂದೆ ‘ಪುಟ್ ಅಪ್’ಗೆ ತೆಗೆದು ಒಳಗೆ ಇಡು ಅನ್ನುವ ಅರ್ಥ ಗಟ್ಟಿಯಾಗಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೇಸು ಪೇತ್ರನಿಗೆ ಕತ್ತಿಯನ್ನು ಒರೆಗೆ ಹಾಕು ಅನ್ನುವಾಗ ಬಳಸಿದ ಮಾತು ‘ಪುಟ್ ಅಪ್ ದೈ ಸೋರ್ಡ್’. ಕತ್ತಿ ಮೇಲೆ ಹೋಗಲಿಲ್ಲ, ಒಳಗೆ ಹೋಯಿತು. ಅಮೆರಿಕದ ಹಳ್ಳಿಗಳ ಕಡೆ ಉಪ್ಪಿನಕಾಯಿ, ಜಾಮ್ ಮಾಡಿ ಭರಣಿಯಲ್ಲಿ ತುಂಬಿಡುವುದಕ್ಕೆ ಇವತ್ತೂ ‘ಪುಟ್ ಅಪ್’ ಅನ್ನುತ್ತಾರೆ. ನಮ್ಮ ‘ಎತ್ತಿಡು’ ಇದೇ ಅಲ್ವಾ?

ಷೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲಿ ಕತ್ತಿಯ ಹಾಗೆಯೇ ಅವಮಾನವನ್ನೂ ‘ಪುಟ್ ಅಪ್’ ಮಾಡುತ್ತಿದ್ದರು. ಸೇಡು ತೀರಿಸಿಕೊಳ್ಳದೆ ಸುಮ್ಮನಾದರು ಅಂತ. ಆಗ ‘ವಿತ್’ ಇರಲಿಲ್ಲ. ಅದು ಸೇರಿಕೊಂಡದ್ದು 18ನೇ ಶತಮಾನದಲ್ಲಿ. ಅವಮಾನವನ್ನು ಒಳಗಿಡುವ ಈ ಮಾತು ಕನ್ನಡಿಗರಿಗೆ ವಿಚಿತ್ರ ಅನಿಸಬೇಕಾಗಿಲ್ಲ. ‘ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ’ ಅನ್ನುತ್ತೇವೆ. ಮಾತನ್ನು ನುಂಗಿಕೊಂಡೆ ಅನ್ನುತ್ತೇವೆ. ಇಂಗ್ಲಿಷಿನವರು ಒರೆಗೆ ಹಾಕಿದರು, ನಾವು ಹೊಟ್ಟೆಗೆ ಹಾಕಿಕೊಂಡೆವು. ಹೀಗೆ ಹೇಳಿದ ಮೇಲೆ ನನ್ನ ಕ್ಲಾಸಿನಲ್ಲಿ ಯಾರೂ ‘ಪುಟ್ ಅಪ್ ವಿತ್’ ಮರೆತದ್ದನ್ನು ನಾನು ಕಂಡಿಲ್ಲ.

ಇದರ ಸ್ವರ ಗಮನಿಸಿ. ‘ಪುಟ್ ಅಪ್ ವಿತ್’ನಲ್ಲಿ ಅಸಮಾಧಾನ ಇದ್ದೇ ಇರುತ್ತದೆ. ಇಷ್ಟ ಇಲ್ಲ, ಆದರೆ ಬೇರೆ ದಾರಿಯೂ ಇಲ್ಲ. ವಿರಾರ್ ಲೋಕಲಿನ ನೂಕುನುಗ್ಗಲು, ಮೇಲಿನ ಮನೆಯ ಡ್ರಿಲ್ಲಿಂಗ್ ಸದ್ದು, ತಡವಾಗಿ ಬರುವ ನೀರು, ಇವಕ್ಕೆಲ್ಲ ಸರಿಯಾಗಿ ಹೊಂದುತ್ತದೆ. ತೀರಿಕೊಂಡವರ ಅಗಲಿಕೆಯ ದುಃಖಕ್ಕೆ ಇದನ್ನು ಬಳಸಬೇಡಿ. ಅಲ್ಲಿ ‘ಬೇರ್’ ಅನ್ನುವ ಗಂಭೀರ ಪದ ಬೇಕು. ಬೇರೆ ಧರ್ಮದವರ, ಬೇರೆ ಊಟದವರ ಬಗ್ಗೆ ‘ವಿ ಪುಟ್ ಅಪ್ ವಿತ್ ದೆಮ್’ ಅಂದರೆ ಒರಟಾಗಿ ಕೇಳುತ್ತದೆ, ಅವರು ನಮಗೆ ಕಾಟ ಅಂದ ಹಾಗೆ ಆಗುತ್ತದೆ.

ವ್ಯಾಕರಣದಲ್ಲೂ ಇದು ಉಳಿದವುಗಳ ಹಾಗಲ್ಲ. ಮೂರೂ ಪದ ಒಟ್ಟಿಗೇ ಇರಬೇಕು, ನಡುವೆ ಏನೂ ನುಗ್ಗುವ ಹಾಗಿಲ್ಲ. ‘ಪುಟ್ ಇಟ್ ಅಪ್ ವಿತ್’ ತಪ್ಪು, ‘ಪುಟ್ ಅಪ್ ವಿತ್ ಇಟ್’ ಸರಿ. ವಾಕ್ಯದ ಕೊನೆಯಲ್ಲಿ ‘ವಿತ್’ನಂಥ ಪದ ಬರಬಾರದು ಅಂತ ಹಟ ಹಿಡಿಯುವ ಮೇಷ್ಟ್ರುಗಳು ಇದ್ದರು. ಆ ಹಟಕ್ಕೆ ಉತ್ತರವಾಗಿ ‘ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್’ ಅನ್ನುವ ಬೇಕಂತಲೇ ತಿರುಚಿದ ವಾಕ್ಯ ಪ್ರಸಿದ್ಧವಾಗಿದೆ. ಚರ್ಚಿಲ್ ಹೇಳಿದ್ದು ಅಂತ ಎಲ್ಲರೂ ಹಂಚಿಕೊಳ್ಳುತ್ತಾರೆ. ಅವರೇ ಹೇಳಿದರು ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಯಾರೇ ಹೇಳಿರಲಿ, ಆ ವಾಕ್ಯ ಕಿವಿಗೆ ಎಷ್ಟು ಅಸಹಜವಾಗಿ ಕೇಳುತ್ತದೆ ಅನ್ನುವುದೇ ಪಾಠ. ‘ದಿಸ್ ಇಸ್ ಸಮ್‌ಥಿಂಗ್ ಐ ವಿಲ್ ನಾಟ್ ಪುಟ್ ಅಪ್ ವಿತ್’ ಅಂತ ಕೊನೆಗೆ ‘ವಿತ್’ ಇಟ್ಟು ಧೈರ್ಯವಾಗಿ ಹೇಳಿ.

ಕೊನೆಗೆ, ಎರಡು ವಾಕ್ಯ ಅಕ್ಕಪಕ್ಕ ಇಟ್ಟು ನೋಡಿ. ‘ಥ್ಯಾಂಕ್ಯೂ ಫಾರ್ ಪುಟಿಂಗ್ ಮಿ ಅಪ್.’ ‘ಥ್ಯಾಂಕ್ಯೂ ಫಾರ್ ಪುಟಿಂಗ್ ಅಪ್ ವಿತ್ ಮಿ.’ ಮೊದಲನೆಯದು, ಮನೆಯಲ್ಲಿ ಜಾಗ ಕೊಟ್ಟಿದ್ದಕ್ಕೆ. ಎರಡನೆಯದು, ನನ್ನ ಕಾಟ ತಡೆದುಕೊಂಡಿದ್ದಕ್ಕೆ. ಸ್ನೇಹಿತರ ಮನೆಯಲ್ಲಿ ಎರಡು ವಾರ ಇದ್ದು ಹೊರಡುವಾಗ ಮೊದಲನೆಯದನ್ನು ತಪ್ಪದೆ ಹೇಳಿ. ಸಲುಗೆ ಇದ್ದ ಕಡೆ ಎರಡನೆಯದನ್ನೂ ನಗುತ್ತಾ ಸೇರಿಸಬಹುದು. ನಿಮ್ಮನ್ನು ಕಂಪನಿಯ ಗೆಸ್ಟ್‌ಹೌಸಿನಲ್ಲಿ ಇರಿಸಿದ ಮ್ಯಾನೇಜರಿಗೆ ಮಾತ್ರ ಮೊದಲನೆಯದಷ್ಟೇ ಬರೆಯಿರಿ.